ಪರ್ಯಾಯದ ಉಗ್ರಾಣ

ಉಡುಪಿಯ ಪರ್ಯಾಯೋತ್ಸವವನ್ನು ಕಂಡು ಬಂದವರು ಬೆಳಗಿನ ಜಾವದ ಮೆರವಣಿಗೆಯನ್ನೂ ಸರ್ವಜ್ಞ ಪೀಠಾರೋಹಣವನ್ನೂ ಬಹುಕಾಲ ನೆನೆಯುತ್ತಾರೆ. ಆದರೆ ಆ ಪುಣ್ಯಗಳಿಗೆಯಲ್ಲಿ ಪರ್ಯಾಯವನ್ನು ಮುಗಿಸಿದ ಯತಿಗಳು ಪೀಠವೇರಲಿರುವ ಯತಿಗಳ ಕೈಗೆ ಒಪ್ಪಿಸುವುದೇನನ್ನು? ಗರ್ಭಗುಡಿಯ ಕೀಲಿಕೈ, ಅಕ್ಷಯಪಾತ್ರೆ ಮತ್ತು ಸಟ್ಟುಗ. ಮೂರರಲ್ಲಿ ಎರಡು ಅನ್ನಕ್ಕೆ ಸಂಬಂಧಿಸಿದವು. ಶ್ರೀಮದಾಚಾರ್ಯರಿಂದಲೇ ಬಂದವೆಂದು ಸಂಪ್ರದಾಯವು ಗೌರವಿಸುವ ಈ ಪಾತ್ರೆ, ಸಟ್ಟುಗಗಳ ಹಿಂದೆ ಒಂದು ದೊಡ್ಡ ಉಗ್ರಾಣದ ಇತಿಹಾಸವಿದೆ.

ಮೊದಲು ಅಷ್ಟಮಠಗಳ ಪೂಜಾ ಸರದಿ ಎರಡೆರಡು ತಿಂಗಳದ್ದಾಗಿತ್ತು. ಅದನ್ನು ಎರಡು ವರ್ಷಗಳಿಗೆ ವಿಸ್ತರಿಸಿದವರು ಶ್ರೀ ವಾದಿರಾಜತೀರ್ಥರು. ಈ ಕ್ರಮವು 1522ರಿಂದ ನಡೆದುಬಂದಿದೆ. ಯತಿಗಳಿಗೆ ತೀರ್ಥಯಾತ್ರೆಗೂ ಧರ್ಮಪ್ರಸಾರಕ್ಕೂ ಅವಕಾಶವಾಗಲೆಂಬುದು ಇದಕ್ಕೆ ಹೇಳುವ ಕಾರಣ. ಅದು ಸರಿಯೇ. ಆದರೆ ಉಗ್ರಾಣದ ಬಾಗಿಲಲ್ಲಿ ನಿಂತು ನೋಡಿದರೆ ಇನ್ನೊಂದು ಅನುಕೂಲವೂ ಕಾಣುತ್ತದೆ. ಎರಡು ತಿಂಗಳ ಸರದಿ ಎಂಟು ಮಠಗಳಿಗೆ ಸುತ್ತಿಬರಲು ಹದಿನಾರು ತಿಂಗಳು. ಒಂದು ಮಠಕ್ಕೆ ಈ ಸಲ ಪುಷ್ಯದಲ್ಲಿ ಬಂದ ಸರದಿ ಮುಂದೆ ವೈಶಾಖದಲ್ಲಿ, ಅದರ ಮುಂದೆ ಭಾದ್ರಪದದಲ್ಲಿ ಬಂದೀತು. ಕರಾವಳಿಯ ಮಳೆಯ ನಡುವೆ ಅಕ್ಕಿ, ಸೌದೆಗಳನ್ನು ಹೊಂದಿಸುವ ಕಷ್ಟವನ್ನು ಬಲ್ಲವರೇ ಬಲ್ಲರು. ಈಗಲಾದರೋ ಪ್ರತಿ ಮಠದ ಪರ್ಯಾಯವೂ ಹದಿನಾರು ವರ್ಷಗಳಿಗೊಮ್ಮೆ, ಕೊಯ್ಲು ಮುಗಿದ ಮಕರಮಾಸದ ಆರಂಭದಲ್ಲಿಯೇ, ಬರುತ್ತದೆ.

ಹೀಗೆ ದಿನ ನಿಶ್ಚಿತವಾದ ಕಾರಣ ಸಿದ್ಧತೆಗೂ ಕ್ರಮ ಸಾಧ್ಯವಾಯಿತು. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳು ಪರ್ಯಾಯಕ್ಕೆ ಸುಮಾರು ಒಂದು ವರ್ಷ ಮೊದಲೇ ಆರಂಭವಾಗುತ್ತವೆ. ಇವುಗಳನ್ನು ಕೇವಲ ವಿಧಿಗಳೆಂದು ಭಾವಿಸಿದವರು ಅವುಗಳ ಅನುಕ್ರಮವನ್ನೊಮ್ಮೆ ಗಮನಿಸಬೇಕು. ಬಾಳೆಯ ಸಸಿ ನೆಟ್ಟು ಗೊನೆ ಕಡಿಯಲು ಹೆಚ್ಚುಕಡಿಮೆ ವರ್ಷವೇ ಬೇಕು. ಆದುದರಿಂದ ಅದು ಮೊದಲು, ತುಳಸಿಯ ಸಸಿಯೊಡನೆ. ಸೌದೆ ಒಣಗಲು ತಿಂಗಳುಗಳು ಬೇಕು. ಆದುದರಿಂದ ಅದು ನಡುವೆ. ಮಧ್ವಸರೋವರದ ಬಳಿ ಸೌದೆಯನ್ನು ರಥದ ಆಕಾರದಲ್ಲಿ ಪೇರಿಸುತ್ತಾರೆ. ಎರಡು ವರ್ಷ ಉರಿಯುವ ಒಲೆಗಳ ಇಂಧನವನ್ನು ಸ್ವಲ್ಪ ಜಾಗದಲ್ಲಿ, ಕುಸಿಯದಂತೆ, ನೋಟಕ್ಕೂ ಚೆಲುವಾಗಿ ಇಡುವ ಉಪಾಯ ಇದಕ್ಕಿಂತ ಬೇರೆ ಇರಲಾರದು. ತಿಂಗಳ ಸಾಮಾನಿಗೇ ಕಪಾಟು ಸಾಲದ ನಗರದ ಫ್ಲಾಟುಗಳ ನಮಗೆ ಆ ಕಟ್ಟಿಗೆರಥದ ಮುಂದೆ ನಾಚಿಕೆಯಾಗದೆ ಇರದು! ಕೊನೆಗೆ, ಕಾರ್ತಿಕದ ಕೊಯ್ಲಿನ ಬಳಿಕ, ಭತ್ತ. ಹೊಟ್ಟು ಕಳೆಯದ ಭತ್ತವು ಅಕ್ಕಿಗಿಂತ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಭತ್ತದ ಮುಡಿಗಳು ಮೆರವಣಿಗೆಯಲ್ಲಿ ಬಂದು ಬಡಗುಮಾಳಿಗೆಯನ್ನು ಸೇರುತ್ತವೆ. ಅದೇ ಸಮಯಕ್ಕೆ ಕಟ್ಟಿಗೆರಥಕ್ಕೆ ಶಿಖರವಿಡುತ್ತಾರೆ.

ಮುಡಿಯೆಂದರೆ ಒಣಹುಲ್ಲನ್ನು ಹಗ್ಗದಿಂದ ಬಿಗಿದು ಕಟ್ಟಿದ ಗುಂಡನೆಯ ಮೂಟೆ. ತುಳುನಾಡಿನಲ್ಲಿ ಒಂದು ಮುಡಿ ಅಕ್ಕಿಗೆ 42 ಸೇರು. ಮುಡಿಯೇ ಚೀಲವೂ ಹೌದು, ಅಳತೆಯೂ ಹೌದು. ಎಣಿಸಿದರೆ ಲೆಕ್ಕ ಸಿದ್ಧ. ಗೋಣಿಚೀಲ ಬಂದ ಮೇಲೆ ಮುಡಿ ಕಟ್ಟಬಲ್ಲವರು ವಿರಳವಾದರು.

ಈ ವ್ಯವಸ್ಥೆಗೆ ದೊಡ್ಡ ಪೆಟ್ಟು ಬಿದ್ದದ್ದು 1974ರಲ್ಲಿ. ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿ ಉಳುವವರದಾಯಿತು. ಗೇಣಿಯಾಗಿ ಬರುತ್ತಿದ್ದ ಅಕ್ಕಿ ನಿಂತಿತು. ಉಳುವವನ ದೃಷ್ಟಿಯಿಂದ ಅದು ನ್ಯಾಯವೆಂಬುದನ್ನು ಒಪ್ಪಲೇಬೇಕು; ಆದರೆ ನಿತ್ಯವೂ ಸಾವಿರಾರು ಎಲೆ ಹಾಕುವ ಮಠದ ಉಗ್ರಾಣಕ್ಕೆ ಬೇರೆ ದಾರಿ ಬೇಕಾಯಿತು. ಹೊರೆಕಾಣಿಕೆಯ ಭಾರ ಹೆಚ್ಚಿದ್ದು ಹೀಗೆ. ಊರೂರಿನ ಭಕ್ತರು ಅಕ್ಕಿ, ಬೆಲ್ಲ, ತೆಂಗಿನಕಾಯಿ, ತರಕಾರಿಗಳನ್ನು ವಾಹನಗಳಲ್ಲಿ ತಂದೊಪ್ಪಿಸುತ್ತಾರೆ; ಕೆಡುವುದನ್ನೂ ಉಳಿಯುವುದನ್ನೂ ಬೇರ್ಪಡಿಸಿ ಒಳಗಿಡುವ ಕೆಲಸ ಉಗ್ರಾಣದವರದು.

2018ರಲ್ಲಿ ಪಲಿಮಾರು ಮಠದಿಂದ 32ನೆಯ ಸುತ್ತು ಆರಂಭವಾಯಿತು. 2024ರ ಜನವರಿ 18ರಂದು ಪುತ್ತಿಗೆ ಮಠದ ಪರ್ಯಾಯ ಬಂದಾಗಲೂ ಅದೇ ಕ್ರಮ: ಬಾಳೆ ಮೊದಲು, ಭತ್ತ ಕೊನೆಗೆ.