ಒದ್ದೆಯಾಗದೆಯೂ ಹಿಡಿದುಕೊಳ್ಳುವ ಎಸಳು

ನಿರ್ಲಿಪ್ತತೆಗೆ ನಾವು ತಾವರೆ ಎಲೆಯನ್ನೋ ಕೆಸುವಿನ ಎಲೆಯನ್ನೋ ಹೋಲಿಕೆ ಕೊಡುತ್ತೇವೆ. ನೀರು ಅಲ್ಲಿ ಮುತ್ತಿನಂತೆ ನಿಂತು ಉರುಳಿಹೋಗುತ್ತದೆ. ಈ ಹೋಲಿಕೆಯೊಳಗೆ ಒಂದು ನಂಬಿಕೆಯಿದೆ: ಒದ್ದೆಯಾಗದ್ದಕ್ಕೆ ನೀರು ಅಂಟುವುದೂ ಇಲ್ಲ. ಇವೆರಡನ್ನು ಬಿಡಿಸಿ ನೋಡಲು ವಿಜ್ಞಾನಕ್ಕೂ ಬಹಳ ಕಾಲ ಹಿಡಿಯಿತು.

1805ರಲ್ಲಿ ಥಾಮಸ್ ಯಂಗ್, ಹನಿಯ ಅಂಚು ಮೇಲ್ಮೈಯೊಡನೆ ಮಾಡುವ ಕೋನದ ಮೂಲಕ ಒದ್ದೆಯಾಗುವಿಕೆಯನ್ನು ವಿವರಿಸಿದರು. ಅದು ನುಣುಪಾದ ಮೇಲ್ಮೈಯ ಲೆಕ್ಕ. 1936ರಲ್ಲಿ ರಾಬರ್ಟ್ ವೆನ್ಜೆಲ್ ಅದಕ್ಕೆ ಒರಟುತನವನ್ನು ಸೇರಿಸಿದರು: ನೀರೊಲ್ಲದ ಮೇಲ್ಮೈ ಒರಟಾದಷ್ಟೂ ಹನಿ ಹೆಚ್ಚು ಗುಂಡಗಾಗುತ್ತದೆ. 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್, ಹನಿ ಸಂದುಗಳಿಗೆ ಇಳಿಯದೆ ಅಲ್ಲಿ ಸಿಕ್ಕಿಕೊಂಡ ಗಾಳಿಯ ಮೇಲೆಯೇ ಕೂರಬಹುದೆಂದು ತೋರಿಸಿದರು. ಬಾತುಕೋಳಿಯ ಗರಿ ಅವರ ಉದಾಹರಣೆಗಳಲ್ಲೊಂದು.

ಎರಡೂ ಕಡೆ ಹನಿ ಗುಂಡಗೇ ಕಾಣುತ್ತದೆ. ಆದರೆ ವೆನ್ಜೆಲ್‌ರ ಹನಿ ಸಂದುಗಳಲ್ಲಿ ಬೇರುಬಿಟ್ಟಿದೆ, ಕ್ಯಾಸಿಯವರದು ಉರುಳಲು ಸಿದ್ಧವಾಗಿದೆ. ಒಂದೇ ಕೋನ ಈ ವ್ಯತ್ಯಾಸವನ್ನು ಹೇಳಲಾರದು. ಹೊಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಸಿಂಪಡಿಸಿದ ಔಷಧಿ ಎಲೆಯಿಂದ ಜಾರಿದರೆ ಮಣ್ಣುಪಾಲು. 1962ರಲ್ಲಿ ಫರ್ಮಿಜ್ ಇದೇ ಸಮಸ್ಯೆಯನ್ನು ಎತ್ತಿಕೊಂಡು, ಜಾರುವ ಹನಿಯ ಮುಂಬದಿ ಮತ್ತು ಹಿಂಬದಿಯ ಕೋನಗಳನ್ನು ಹಿಡಿತದ ಬಲದೊಡನೆ ಸೂತ್ರದಲ್ಲಿ ಬೆಸೆದರು. ಆ ಎರಡು ಕೋನಗಳ ಅಂತರ ಹೆಚ್ಚಿದಷ್ಟೂ ಹಿಡಿತ ಬಿಗಿ.

1997ರಲ್ಲಿ ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್, ತಾವರೆ ಎಲೆಯ ಸೂಕ್ಷ್ಮ ಉಬ್ಬುಗಳೂ ಅವುಗಳ ಮೇಲಿನ ಮೇಣದ ಹರಳುಗಳೂ ಸೇರಿ ನೀರಿನೊಡನೆ ಕೊಳೆಯನ್ನೂ ಕಳಿಸಿಬಿಡುವುದನ್ನು ವಿವರಿಸಿದರು. ಅದರ ಬೆನ್ನಿಗೇ ತಾವರೆ ಎಲ್ಲರ ಮಾದರಿಯಾಯಿತು.

ಹಳೆಯ ನಂಬಿಕೆಯನ್ನು ಕಣ್ಣೆದುರೇ ಅಲುಗಾಡಿಸಿದ್ದು ಗುಲಾಬಿ. 2008ರಲ್ಲಿ ಚೀನಾದ ಲೀ ಜಿಯಾಂಗ್ ಮತ್ತು ಸಂಗಡಿಗರು ಕೆಂಪು ಗುಲಾಬಿಯ ಎಸಳನ್ನು ಪರೀಕ್ಷಿಸಿದರು. ಕೋನ ಸುಮಾರು 152 ಡಿಗ್ರಿ. ಆದರೂ ಎಸಳನ್ನು ತಲೆಕೆಳಗು ಮಾಡಿದಾಗ ಸಣ್ಣ ಹನಿ ಬೀಳಲಿಲ್ಲ. ಎಸಳಿನ ಉಬ್ಬುಗಳ ನಡುವಿನ ದೊಡ್ಡ ಸಂದುಗಳಿಗೆ ನೀರು ಇಳಿಯುತ್ತದೆ. ಉಬ್ಬಿನ ಮೇಲಿನ ನ್ಯಾನೊ ಮಡಿಕೆಗಳಲ್ಲಿ ಮಾತ್ರ ಗಾಳಿ ಉಳಿಯುತ್ತದೆ. ಅಂದರೆ ಉಬ್ಬುಗಳ ಗಾತ್ರ, ಅಂತರಗಳನ್ನು ಬದಲಿಸಿ ಹಿಡಿತವನ್ನೂ ಬೇಕಾದಷ್ಟಕ್ಕೆ ಹೊಂದಿಸಬಹುದು. ಒಂದು ಹನಿ ರಕ್ತವನ್ನು ಚೂರೂ ಚೆಲ್ಲದೆ ಸಾಗಿಸಬೇಕಾದಲ್ಲಿ ತಾವರೆಗಿಂತ ಗುಲಾಬಿಯೇ ಉಪಯುಕ್ತ.

ಹಾಗಾಗಿ ಹೊಸ ಸಂಶೋಧನಾ ಲೇಖನವೊಂದು 150 ಡಿಗ್ರಿ ದಾಟಿದೆನೆಂದು ಬೀಗಿದರೆ, ನಾನು ಮೊದಲು ಹುಡುಕುವುದು ಆ ಹನಿ ಎಷ್ಟು ಓರೆಯಲ್ಲಿ ಜಾರಿತೆಂಬ ಅಂಕಿಯನ್ನು.