ಮದುವೆ ಅತಿಥಿಯ ಉಡುಪು: ವಿಧ್ಯುಕ್ತ ವಸ್ತ್ರಸಂಹಿತೆಯ ಇತಿಹಾಸ

ಮದುವೆಗೆ ಬರುವವರು ಏನು ಧರಿಸಬೇಕೆಂದು ಆಹ್ವಾನ ಪತ್ರಿಕೆಯಲ್ಲಿ ಸೂಚಿಸುವ ರೂಢಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಬೆಳೆದು ಬೇರೆ ದೇಶಗಳಿಗೂ ಹಬ್ಬಿತು. ಸಂಜೆಯ ಸಮಾರಂಭಗಳಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಿನದು 'ವೈಟ್ ಟೈ'. ಅದರ ನಂತರ 'ಬ್ಲ್ಯಾಕ್ ಟೈ', 'ಬ್ಲ್ಯಾಕ್ ಟೈ ಆಪ್ಷನಲ್', 'ಕಾಕ್‌ಟೇಲ್', 'ಸೆಮಿ ಫಾರ್ಮಲ್' ಬರುತ್ತವೆ. ಹಗಲಿನ ಮದುವೆಗೆ ಮಾರ್ನಿಂಗ್ ಕೋಟು, ಅದಕ್ಕಿಂತ ಸಡಿಲವಾದರೆ ಲೌಂಜ್ ಸೂಟು, ಅಂದರೆ ಸಾಮಾನ್ಯ ಸೂಟು.

ಈ ವಿಷಯದ ಬಹುಪಾಲು ಬರಹಗಳು ಉಡುಪುಗಳ ಚರಿತ್ರೆಯನ್ನೇ ಹೇಳುತ್ತವೆ: ಯಾವ ಕೋಟನ್ನು ಯಾರು ಮೊದಲು ಹೊಲಿಸಿದರು, ಯಾವ ರಾಜಕುಮಾರ ಅದನ್ನು ತೊಟ್ಟ ಎಂಬುದಕ್ಕೇ ಅವುಗಳಲ್ಲಿ ಹೆಚ್ಚು ಜಾಗ. ಆ ಕೋಟು ಮದುವೆಮನೆಗೆ ಯಾವಾಗ, ಏಕೆ ಬಂತು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಅತಿಥಿಯ ಉಡುಪನ್ನು ನಿರ್ಧರಿಸಿದ್ದು ಬರೀ ಸಿರಿವಂತಿಕೆಯೋ ಫ್ಯಾಷನ್ನೋ ಅಲ್ಲ, ಮದುವೆ ನಡೆಯುತ್ತಿದ್ದ ಹೊತ್ತು. ಆ ಹೊತ್ತನ್ನು ಇಂಗ್ಲೆಂಡಿನಲ್ಲಿ ಬಹುಕಾಲ ಕಾನೂನೇ ಗೊತ್ತುಮಾಡುತ್ತಿತ್ತು.

ಹೊತ್ತಿನ ಕಾನೂನು

ಇಂಗ್ಲೆಂಡಿನ ಚರ್ಚ್ 1604ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ ಮದುವೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 12ರೊಳಗೆ ಮಾಡಿಸಬೇಕಿತ್ತು. ಗುಟ್ಟಾಗಿ ನಡೆಯುವ ಮದುವೆಗಳನ್ನು ತಡೆಯುವುದು ಇಂಥ ಕಟ್ಟಳೆಗಳ ಉದ್ದೇಶ. ಹಗಲು ಬೆಳಕಿನಲ್ಲಿ, ಬಾಗಿಲು ತೆರೆದಿಟ್ಟು, ನಾಲ್ಕು ಜನರ ಎದುರು ಮದುವೆ ಆಗಬೇಕೆಂಬುದು ಅವುಗಳ ಆಶಯ. 1836ರ ಕಾಯಿದೆ ನೋಂದಣಾಧಿಕಾರಿಯ ಎದುರು ಆಗುವ ಮದುವೆಗಳಿಗೆ ಅವಕಾಶ ಕೊಟ್ಟಾಗ ಅವಕ್ಕೂ ಇದೇ ಹೊತ್ತನ್ನು ಗೊತ್ತುಮಾಡಿತು. 1886ರಲ್ಲಿ ಗಡುವು ಮಧ್ಯಾಹ್ನ 3ಕ್ಕೆ, 1934ರಲ್ಲಿ ಸಂಜೆ 6ಕ್ಕೆ ಹೋಯಿತು. ಯಹೂದಿಗಳಿಗೂ ಕ್ವೇಕರ್ ಪಂಥದವರಿಗೂ ವಿನಾಯಿತಿ ಇತ್ತು. ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ವಿಶೇಷ ಪರವಾನಗಿ ಪಡೆದವರು ಯಾವ ಹೊತ್ತಿನಲ್ಲಾದರೂ ಮದುವೆಯಾಗಬಹುದಿತ್ತು. ಸ್ಕಾಟ್ಲೆಂಡ್‌ಗೆ ಈ ಕಾನೂನು ಅನ್ವಯಿಸುತ್ತಿರಲಿಲ್ಲ. ಅಲ್ಲಿ ಮನೆಯಲ್ಲೇ, ಸಂಜೆ ಹೊತ್ತಿನಲ್ಲೂ ಮದುವೆಗಳಾಗುತ್ತಿದ್ದವು.

ಇದರ ಪರಿಣಾಮ ನೇರವಾಗಿ ಬಟ್ಟೆಯ ಮೇಲಾಯಿತು. ವಿಕ್ಟೋರಿಯಾ ಕಾಲದ ಶಿಷ್ಟಾಚಾರ ಹಗಲಿನ ಉಡುಪನ್ನೂ ಸಂಜೆಯ ಉಡುಪನ್ನೂ ಎಂದೂ ಬೆರೆಸುತ್ತಿರಲಿಲ್ಲ. ಮದುವೆ ಹಗಲಿನಲ್ಲೇ ಆಗಬೇಕಾದ್ದರಿಂದ ಅತಿಥಿಯೂ ಹಗಲಿನ ಉಡುಪಿನಲ್ಲೇ ಬರಬೇಕಿತ್ತು. ಗಂಡಸರಿಗೆ ಮೊಣಕಾಲಿನವರೆಗೆ ಇಳಿಯುವ ಫ್ರಾಕ್ ಕೋಟು; ಹೆಂಗಸರಿಗೆ ಕುತ್ತಿಗೆಯವರೆಗೆ ಮುಚ್ಚಿದ ಉಡುಪು, ತಲೆಗೆ ಬಾನೆಟ್. ಕತ್ತು, ತೋಳುಗಳು ಕಾಣುವ ಉಡುಪು ರಾತ್ರಿಯ ಔತಣ, ನೃತ್ಯಕೂಟಗಳಿಗೆ ಮೀಸಲು. ಕುದುರೆ ಸವಾರಿಯ ಕೋಟಿನಿಂದ ಬೆಳೆದ, ಮುಂಭಾಗ ಓರೆಯಾಗಿ ಹಿಂದಕ್ಕೆ ಸರಿದ ಮಾರ್ನಿಂಗ್ ಕೋಟು ಮೊದಲು ಫ್ರಾಕ್ ಕೋಟಿಗಿಂತ ಕೆಳಗಿನದೆನಿಸಿತ್ತು. 20ನೇ ಶತಮಾನದ ಆರಂಭದಲ್ಲಿ ಅದು ಫ್ರಾಕ್ ಕೋಟಿನ ಜಾಗವನ್ನು ಹಿಡಿಯಿತು. 1936ರಲ್ಲಿ ಎಂಟನೇ ಎಡ್ವರ್ಡ್ ದೊರೆ ಆಸ್ಥಾನದ ಉಡುಪುಗಳಿಂದ ಫ್ರಾಕ್ ಕೋಟನ್ನು ತೆಗೆದುಹಾಕಿದ. ಬ್ರಿಟಿಷ್ ಮದುವೆಗಳಲ್ಲಿ ಮಾರ್ನಿಂಗ್ ಕೋಟು ಮತ್ತು ಹೆಂಗಸರ ಹ್ಯಾಟು ಇಂದಿಗೂ ಉಳಿದಿರುವುದರ ಹಿಂದೆ ಶತಮಾನಗಳ ಕಾಲ ಮದುವೆಯನ್ನು ಹಗಲಿಗೆ ಕಟ್ಟಿಹಾಕಿದ ಆ ಕಾನೂನಿದೆ.

1886: ಮೂರು ಘಟನೆಗಳು

ಇಂಗ್ಲೆಂಡಿನ ಗಡುವು 3 ಗಂಟೆಗೆ ಸರಿದ ವರ್ಷವೇ ಅಟ್ಲಾಂಟಿಕ್‌ನ ಆಚೆ ಎರಡು ಘಟನೆಗಳು ನಡೆದವು. ಜೂನ್ 2ರ ಸಂಜೆ ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಶ್ವೇತಭವನದ ಬ್ಲೂ ರೂಮ್‌ನಲ್ಲಿ ಫ್ರಾನ್ಸಸ್ ಫೋಲ್ಸಮ್ ಅವರನ್ನು ಮದುವೆಯಾದರು. ವರ ಧರಿಸಿದ್ದು ಸಂಜೆಯ ಕಪ್ಪು ಉಡುಪು, ಬಿಳಿ ಟೈ. ಇಂಗ್ಲೆಂಡಿನ ಕಾಯಿದೆಯಂಥ ಕಟ್ಟು ಇಲ್ಲದ ಅಮೆರಿಕದಲ್ಲಿ ಸಂಜೆಯ ಮದುವೆ ಹೊಸತೇನೂ ಆಗಿರಲಿಲ್ಲ. ಹಾಗಾಗಿ ಬಾಲದ ಕೋಟು, ಬಿಳಿ ವೇಸ್ಟ್‌ಕೋಟು, ಬಿಳಿ ಬೋ ಟೈಗಳ ಉಡುಪಿಗೆ ಅಲ್ಲಿನ ಮದುವೆಮನೆಯ ಬಾಗಿಲು ಮೊದಲೇ ತೆರೆದಿತ್ತು.

ಎರಡನೆಯದು ನ್ಯೂಯಾರ್ಕ್ ಬಳಿಯ ಟಕ್ಸೀಡೊ ಪಾರ್ಕ್‌ನದು: ಬಾಲವಿಲ್ಲದ ಟಕ್ಸೀಡೊ ಜಾಕೆಟ್ಟಿನ ಆಗಮನ. ಅದರ ಬಗ್ಗೆ ಇರುವ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದು ಕಥೆಯಂತೆ, ಈ ವಸಾಹತನ್ನು ಕಟ್ಟಿಸಿದ ನಾಲ್ಕನೇ ಪಿಯರ್ ಲೋರಿಲಾರ್ಡ್‌ನ ಮಗ ಗ್ರಿಸ್ವಾಲ್ಡ್ ಮತ್ತು ಗೆಳೆಯರು ಆ ಅಕ್ಟೋಬರ್‌ನ ನೃತ್ಯಕೂಟಕ್ಕೆ ಬಾಲವಿಲ್ಲದ ಕೋಟು ತೊಟ್ಟು ಬಂದು ಎಲ್ಲರನ್ನೂ ಬೆರಗುಗೊಳಿಸಿದರು. ಇನ್ನೊಂದರಂತೆ, ಜೇಮ್ಸ್ ಬ್ರೌನ್ ಪಾಟರ್ ಅದೇ ವರ್ಷ ಇಂಗ್ಲೆಂಡಿಗೆ ಹೋಗಿದ್ದಾಗ ವೇಲ್ಸ್ ರಾಜಕುಮಾರನ ಆಹ್ವಾನಕ್ಕೆ ತಕ್ಕಂತೆ ಗಿಡ್ಡ ಜಾಕೆಟ್ಟು ಹೊಲಿಸಿಕೊಂಡು, ಅದನ್ನೇ ಟಕ್ಸೀಡೊ ಕ್ಲಬ್ಬಿಗೆ ತಂದರು. ಲಂಡನ್ನಿನ ದರ್ಜಿ ಸಂಸ್ಥೆ ಹೆನ್ರಿ ಪೂಲ್ ಇನ್ನೂ ಹಿಂದಕ್ಕೆ ಹೋಗುತ್ತದೆ: ಸ್ಯಾಂಡ್ರಿಂಗಮ್ ಅರಮನೆಯ ಅನೌಪಚಾರಿಕ ಊಟಗಳಿಗೆಂದು 1865ರಲ್ಲೇ ರಾಜಕುಮಾರನಿಗೆ ನೀಲಿ ರೇಷ್ಮೆಯ ಗಿಡ್ಡ ಜಾಕೆಟ್ಟು ಹೊಲಿದುಕೊಟ್ಟಿದ್ದೇವೆ ಎಂಬುದು ಅದರ ವಾದ.

ಗ್ರಿಸ್ವಾಲ್ಡ್‌ನ ಪ್ರಸಂಗಕ್ಕೆ ಆಗಿನ ಪತ್ರಿಕಾ ವರದಿಯ ಆಧಾರವಿದೆ. ಆದರೆ ಅದರಲ್ಲಿ ಬಣ್ಣಿಸಿರುವ, ಕಡುಗೆಂಪು ವೇಸ್ಟ್‌ಕೋಟಿನ ಜತೆಗಿನ ಬಾಲವಿಲ್ಲದ ಕೋಟು ಇಂದಿನ ಟಕ್ಸೀಡೊ ಜಾಕೆಟ್ಟಿಗೆ ಪೂರ್ತಿ ಹೊಂದುವುದಿಲ್ಲ. ಪಾಟರ್ ಕಥೆಯ ಉಡುಪು ಇಂದಿನದಕ್ಕೆ ಹತ್ತಿರ, ಆದರೆ ಕಥೆ ಬಹುಮಟ್ಟಿಗೆ ನಂತರದವರ ನೆನಪಿನಿಂದ ಬಂದದ್ದು. ಮದುವೆಯ ಇತಿಹಾಸದ ಮಟ್ಟಿಗೆ ಮೂರೂ ಕಥೆಗಳು ಒಪ್ಪುವ ಸಂಗತಿಯೇ ಮುಖ್ಯ: ಈ ಜಾಕೆಟ್ಟು ಮೊದಲು ಕಾಣಿಸಿಕೊಂಡಿದ್ದು ಊಟ, ಕ್ಲಬ್ಬು, ನೃತ್ಯಕೂಟಗಳಲ್ಲಿ, ಮದುವೆಮನೆಯಲ್ಲಿ ಅಲ್ಲ. ಅದನ್ನು ತೊಟ್ಟು ಮದುವೆಗೆ ಹೋಗುವ ರೂಢಿ ಆಗ ಇರಲಿಲ್ಲ.

ಇದಕ್ಕೆ ಸಾಕ್ಷಿ ಆ ಊರಿನಿಂದಲೇ ದೊರೆಯುತ್ತದೆ. ಟಕ್ಸೀಡೊ ಪಾರ್ಕನ್ನು ವಿನ್ಯಾಸಗೊಳಿಸಿದ ವಾಸ್ತುಶಿಲ್ಪಿ ಬ್ರೂಸ್ ಪ್ರೈಸ್ ಅವರ ಮಗಳು ಎಮಿಲಿ ಪೋಸ್ಟ್. 1922ರಲ್ಲಿ ಪ್ರಕಟವಾದ ಅವರ ಶಿಷ್ಟಾಚಾರ ಗ್ರಂಥವು ಸಂಜೆಯ ಮದುವೆಗೆ ಬಾಲದ ಕೋಟು, ಬಿಳಿ ಟೈ ಬೇಕೆನ್ನುತ್ತದೆ. ಟಕ್ಸೀಡೊ ಜಾಕೆಟ್ಟನ್ನು ಮನೆಯೂಟ, ನಾಟಕಗಳಂಥ ಸಲಿಗೆಯ ಸಂದರ್ಭಗಳಿಗೆ ಬಿಡುತ್ತದೆ. ಜಾಕೆಟ್ಟು ಬಳಕೆಗೆ ಬಂದು ಹತ್ತಿರ ಹತ್ತಿರ ನಾಲ್ಕು ದಶಕ ಕಳೆದಿದ್ದರೂ, ಅದರ ತವರೂರನ್ನು ಹತ್ತಿರದಿಂದ ಬಲ್ಲ ಲೇಖಕಿಯೇ ಅದನ್ನು ಮದುವೆಯಿಂದ ಹೊರಗಿಟ್ಟಿದ್ದರು. ಟಕ್ಸೀಡೊ ಮೊದಲಿನಿಂದಲೂ ಮದುವೆಯ ಉಡುಪೆಂದು ಹೇಳುವ ಬರಹಗಳನ್ನು ಈ ಒಂದು ಗ್ರಂಥ ಸಾಕಷ್ಟು ತಿದ್ದುತ್ತದೆ.

ಬಿಳಿ ಮತ್ತು ಕಪ್ಪು

ಅತಿಥಿಗಳಾದ ಹೆಂಗಸರು ಬಿಳಿ ಉಡಬಾರದೆಂಬ ನಿಯಮವನ್ನು ಸಾಮಾನ್ಯವಾಗಿ ವಿಕ್ಟೋರಿಯಾ ರಾಣಿಯ 1840ರ ಫೆಬ್ರವರಿ 10ರ ಮದುವೆಗೆ ಜೋಡಿಸುತ್ತಾರೆ. ಈ ಜೋಡಣೆಯಲ್ಲಿ ಎರಡು ತೊಡಕುಗಳಿವೆ. ಬಿಳಿ ಉಟ್ಟ ರಾಜವಧುಗಳಲ್ಲಿ ವಿಕ್ಟೋರಿಯಾ ಮೊದಲಿಗಳಲ್ಲ: 1406ರಲ್ಲಿ ಇಂಗ್ಲೆಂಡಿನ ಫಿಲಿಪಾ, 1558ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿ ಬಿಳಿ ಉಡುಪಿನಲ್ಲೇ ಮದುವೆಯಾಗಿದ್ದರು. ಎರಡನೆಯದಾಗಿ, 1840ರಲ್ಲಿ ರಾಣಿಯ ಉಡುಪಿನ ಸೆರಗು ಹಿಡಿದ 12 ಯುವತಿಯರೂ ಬಿಳಿಯನ್ನೇ ಉಟ್ಟಿದ್ದರು. ಬಿಳಿ ವಧುವಿಗೊಬ್ಬಳಿಗೇ ಸೇರಿದ್ದೆಂಬ ನಿಯಮ ಆ ದಿನ ಇರಲೇ ಇಲ್ಲ.

ಆ ಮದುವೆ ಮಾಡಿದ್ದು ಹೊನಿಟನ್ ಲೇಸಿನ ಬಿಳಿ ಉಡುಪನ್ನು ಮಾದರಿಯಾಗಿಸಿದ್ದು. ಒಂಬತ್ತು ವರ್ಷದೊಳಗೆ, 1849ರಲ್ಲಿ, ಫಿಲಡೆಲ್ಫಿಯದ 'ಗೋಡೀಸ್ ಲೇಡೀಸ್ ಬುಕ್' ಪತ್ರಿಕೆ ವಧುವಿಗೆ ಬಿಳಿ ಎಂಬುದು ಅನಾದಿ ಕಾಲದ ಪದ್ಧತಿಯೆಂದೇ ಬರೆಯಿತು. ಹೊಸ ರೂಢಿ ಎಷ್ಟು ಬೇಗ ಹಳೆಯದೆಂಬ ಹೆಸರು ಪಡೆಯಿತು ಎಂಬುದಕ್ಕೆ ಇದು ಒಳ್ಳೆಯ ದಾಖಲೆ. ಬಿಳಿ ವಧುವಿನ ಗುರುತಾಗಿ ನೆಲೆಗೊಳ್ಳುತ್ತಾ ಹೋದಂತೆ ಉಳಿದವರು ಅದರಿಂದ ದೂರ ಸರಿದರು.

ಕಪ್ಪಿನ ಚರಿತ್ರೆ ಬೇರೆ. ಅದು ಶೋಕದ ಬಣ್ಣ. ಶೋಕ ಆಚರಿಸುತ್ತಿದ್ದ ಹೆಂಗಸರು ಮದುವೆಗೆ ಬರಬೇಕಾದಾಗ ಕಪ್ಪನ್ನು ಬದಿಗಿಟ್ಟು ಬೂದು ಅಥವಾ ತಿಳಿ ನೇರಳೆ ಉಡುತ್ತಿದ್ದರು. ಮೊದಲ ಮಹಾಯುದ್ಧದ ನಂತರ ಶೋಕದ ಉಡುಪಿನ ಕಟ್ಟುಪಾಡು ಸಡಿಲವಾಯಿತು. 1926ರ ಅಕ್ಟೋಬರ್‌ನಲ್ಲಿ ಅಮೆರಿಕದ 'ವೋಗ್' ಪತ್ರಿಕೆ ಶನೆಲ್ ಅವರ ಸರಳ ಕಪ್ಪು ಉಡುಪನ್ನು ಪ್ರಕಟಿಸಿ ಅದನ್ನು ಫೋರ್ಡ್ ಕಾರಿಗೆ ಹೋಲಿಸಿತು. ಕಪ್ಪು ಸಂಜೆಯ ಬಣ್ಣವಾದ ಮೇಲೂ ಮದುವೆಮನೆಗಳಲ್ಲಿ ಅದರ ಬಗ್ಗೆ ಹಿಂಜರಿಕೆ ದಶಕಗಳ ಕಾಲ ಉಳಿಯಿತು. ಈಗ ಸಂಜೆಯ ಮದುವೆಗೆ ಕಪ್ಪು ಉಡುಪು ಸಾಮಾನ್ಯ. ಬಿಳಿಯ ನಿಷೇಧ ಮಾತ್ರ ಹಾಗೇ ಇದೆ.

ಬಾಡಿಗೆ, ರೇಷನ್, ಸಡಿಲಿಕೆ

ವಿಧ್ಯುಕ್ತ ಉಡುಪನ್ನು ಮಧ್ಯಮ ವರ್ಗಕ್ಕೆ ತಲುಪಿಸಿದ್ದು ಬಾಡಿಗೆ ವ್ಯಾಪಾರ. ಲಂಡನ್ನಿನ ಮಾಸ್ ಬ್ರದರ್ಸ್ ಅಂಗಡಿ 1897ರಿಂದ ಸಂಜೆಯ ಸೂಟುಗಳನ್ನು ಬಾಡಿಗೆಗೆ ಕೊಡತೊಡಗಿತು. ವರ್ಷಕ್ಕೊಮ್ಮೆ ತೊಡುವ ಬಟ್ಟೆಯನ್ನು ಹೊಲಿಸಿ ಇಟ್ಟುಕೊಳ್ಳಲಾಗದ ಗುಮಾಸ್ತನಿಗೂ ಕ್ರಮೇಣ ಮಾರ್ನಿಂಗ್ ಕೋಟು ಒಂದು ದಿನದ ಮಟ್ಟಿಗೆ ಕೈಗೆಟುಕಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ 1941ರ ಜೂನ್‌ನಿಂದ 1949ರ ಮಾರ್ಚ್‌ವರೆಗೆ ಬಟ್ಟೆಗೆ ಕೂಪನ್ ವಿಧಿಸಿತು. ಅತಿಥಿಗಳು ಸೇನಾ ಸಮವಸ್ತ್ರದಲ್ಲೋ ಇದ್ದುದರಲ್ಲೇ ಚೆನ್ನಾದ ಸೂಟಿನಲ್ಲೋ ಬಂದರು. ಯುದ್ಧ ಮುಗಿದ ಮೇಲೂ ಲೌಂಜ್ ಸೂಟು ಮದುವೆಗೆ ಒಪ್ಪುವ ಉಡುಪಾಗಿಯೇ ಉಳಿಯಿತು.

ಅಮೆರಿಕದಲ್ಲಿ ಇದೇ ಅವಧಿಯಲ್ಲಿ ಬಾಲದ ಕೋಟು ಹಿಂದೆ ಸರಿದು, ಟಕ್ಸೀಡೊ ಸಂಜೆಯ ಮದುವೆಯ ಮುಖ್ಯ ಉಡುಪಾಯಿತು. ಇಂದಿನ ಗೊಂದಲಗಳ ಬೇರು ಇಲ್ಲಿದೆ. ಹಳೆಯ ಶಿಷ್ಟಾಚಾರದಲ್ಲಿ ಸಂಜೆಯ ಫಾರ್ಮಲ್ ಎಂದರೆ ವೈಟ್ ಟೈ, ಸೆಮಿ ಫಾರ್ಮಲ್ ಎಂದರೆ ಬ್ಲ್ಯಾಕ್ ಟೈ, ಅಂದರೆ ಟಕ್ಸೀಡೊ. ವೈಟ್ ಟೈ ಬಳಕೆಯಿಂದ ಮರೆಯಾದ ಮೇಲೆ ಪ್ರತಿಯೊಂದು ವರ್ಗವೂ ಒಂದು ಸ್ಥಾನ ಮೇಲೇರಿತು: ಬ್ಲ್ಯಾಕ್ ಟೈ ಫಾರ್ಮಲ್ ಆಯಿತು, ಗಾಢ ಬಣ್ಣದ ಸೂಟು ಸೆಮಿ ಫಾರ್ಮಲ್ ಆಯಿತು. ಹಳೆಯ ಕೈಪಿಡಿ ಓದಿದವರೂ ಹೊಸದನ್ನು ಓದಿದವರೂ ಒಂದೇ ಪದಕ್ಕೆ ಬೇರೆ ಬೇರೆ ಬಟ್ಟೆ ತೊಟ್ಟು ಬಂದರೆ ಇಬ್ಬರದೂ ತಪ್ಪಲ್ಲ. ಟಕ್ಸೀಡೊ ಇಲ್ಲದವರಿಗೂ ಸಂಕೋಚವಾಗದಿರಲೆಂದು ಬಂದ ಸೂಚನೆಯೇ 'ಬ್ಲ್ಯಾಕ್ ಟೈ ಆಪ್ಷನಲ್'.

ಕರ್ನಾಟಕದ ಕೊಂಡಿ

ಹೊತ್ತು ಉಡುಪನ್ನು ನಿರ್ಧರಿಸುವುದು ಕನ್ನಡಿಗರಿಗೆ ಹೊಸತಲ್ಲ. ಧಾರೆಯ ಮುಹೂರ್ತಕ್ಕೆ ರೇಷ್ಮೆ ಸೀರೆ, ಪಂಚೆ, ಶಲ್ಯ. ಸಂಜೆಯ ಆರತಕ್ಷತೆಗೆ ಸೂಟು, ಶೇರ್ವಾನಿ, ಬಂದ್‌ಗಲಾ. ಪಾಶ್ಚಾತ್ಯ ಉಡುಪು ಇಲ್ಲಿ ಆರತಕ್ಷತೆಯ ಮೂಲಕ ಒಳಬಂದಿದ್ದು, ಧಾರೆಯ ಹೊತ್ತು ಬಹುಮಟ್ಟಿಗೆ ಹಳೆಯ ಉಡುಪನ್ನೇ ಉಳಿಸಿಕೊಂಡಿದೆ. ಮುಹೂರ್ತದಲ್ಲಿ ಕಪ್ಪನ್ನು ಅಶುಭವೆಂದು ಬಿಡುವ ಮನೆಗಳಲ್ಲೇ ಆರತಕ್ಷತೆಗೆ ಕಪ್ಪು ಸೂಟು ಒಪ್ಪಿಗೆಯಾಗುತ್ತದೆ.

ಕೊಡಗಿನ ಪದ್ಧತಿ ಇದಕ್ಕಿಂತ ಭಿನ್ನ, ಅಷ್ಟೇ ಖಚಿತ. ಕೊಡವ ಗಂಡಸರ ವಿಧ್ಯುಕ್ತ ಉಡುಪು ಮೊಣಕಾಲವರೆಗಿನ ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ. ಮದುವೆಯ ದಿನ ವರ ಬಿಳಿ ಕುಪ್ಯ ತೊಡುತ್ತಾನೆ. ಸುತ್ತಲಿನ ನೆಂಟರ ಕುಪ್ಯ ಕಪ್ಪು. ಹೆಂಗಸರು ನೆರಿಗೆಯನ್ನು ಹಿಂದಕ್ಕೆ ಹಾಕಿ ಸೀರೆ ಉಡುತ್ತಾರೆ. ಅತಿಥಿಯ ಬಣ್ಣವನ್ನೂ ವರನ ಬಣ್ಣವನ್ನೂ ಸ್ಪಷ್ಟವಾಗಿ ಬೇರ್ಪಡಿಸುವ ಈ ಪದ್ಧತಿಗೆ ಮುದ್ರಿತ ಸೂಚನೆಯ ಅಗತ್ಯವೇ ಬೀಳಲಿಲ್ಲ. ವಸ್ತ್ರಸಂಹಿತೆಯೆಂದರೆ ಪಶ್ಚಿಮದಿಂದ ಬಂದದ್ದೆಂಬ ಊಹೆಯನ್ನು ಇದು ಒಪ್ಪುವುದಿಲ್ಲ.

ಬ್ಲ್ಯಾಕ್ ಟೈ ಸಮಾರಂಭಗಳಲ್ಲಿ ಅತಿಥಿಯ ರಾಷ್ಟ್ರೀಯ ಉಡುಪನ್ನು ಸರಿಸಮಾನವೆಂದು ಒಪ್ಪುವ ರೂಢಿಯಿದೆ. ವಿದೇಶಗಳಲ್ಲಿರುವ ಕನ್ನಡಿಗರಿಗೆ ಇದು ಉಪಯೋಗದ ಸಂಗತಿ: ಜರಿ ಅಂಚಿನ ರೇಷ್ಮೆ ಸೀರೆ ಅಥವಾ ಗಾಢ ಬಣ್ಣದ ಬಂದ್‌ಗಲಾ ಅಲ್ಲಿ ಪೂರ್ತಿ ಸಲ್ಲುತ್ತದೆ.

1995ರ ನಂತರ

ಬ್ರಿಟನ್ನಿನ ಇತ್ತೀಚಿನ ದೊಡ್ಡ ತಿರುವು ಉಡುಪಿನ ಅಂಗಡಿಯಿಂದ ಬಂದದ್ದಲ್ಲ, ಸಂಸತ್ತಿನಿಂದ ಬಂದದ್ದು. 1994ರ ವಿವಾಹ ಕಾಯಿದೆ 1995ರ ಏಪ್ರಿಲ್‌ನಿಂದ ಜಾರಿಯಾಗಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅನುಮತಿ ಪಡೆದ ಹೋಟೆಲು, ಬಂಗಲೆಗಳಲ್ಲಿ ಸಿವಿಲ್ ಮದುವೆಗೆ ದಾರಿ ಮಾಡಿತು. ಮದುವೆ, ಊಟ, ಕುಣಿತ ಒಂದೇ ಕಡೆ ಸೇರಿದವು. 2012ರ ಅಕ್ಟೋಬರ್‌ನಲ್ಲಿ ಸಂಜೆ 6ರ ಗಡುವೂ ಕಾನೂನಿನಿಂದ ಹೋಯಿತು. ಇಂಗ್ಲೆಂಡಿನ ಚರ್ಚ್ ತನ್ನ ನಿಯಮದಲ್ಲಿ ಮಾತ್ರ ಅದನ್ನು ಉಳಿಸಿಕೊಂಡಿತು. ಡಿನ್ನರ್ ಜಾಕೆಟ್ಟಿನ (ಟಕ್ಸೀಡೊಗೆ ಬ್ರಿಟನ್ನಿನ ಹೆಸರು) ಮದುವೆಗೆ ಇಂಗ್ಲೆಂಡಿನಲ್ಲಿದ್ದ ಕಾನೂನಿನ ಅಡ್ಡಿ ಹೀಗೆ ಕಳಚಿತು.

ಹಗಲಿನ ಸಂಪ್ರದಾಯ ಅದರಿಂದ ಅಳಿಯಲಿಲ್ಲ. 2011 ಮತ್ತು 2018ರ ರಾಜಮನೆತನದ ಮದುವೆಗಳ ಆಹ್ವಾನಗಳು ಗಂಡಸರಿಗೆ ಸಮವಸ್ತ್ರ, ಮಾರ್ನಿಂಗ್ ಕೋಟು ಅಥವಾ ಲೌಂಜ್ ಸೂಟನ್ನೇ ಸೂಚಿಸಿದವು.

ಈಗಿನ ರೂಢಿಯಲ್ಲಿ, ಹೆಚ್ಚು ಕಡಿಮೆ ವಿಧ್ಯುಕ್ತವೆನಿಸುವ ಸಂಜೆಯ ಮದುವೆಗೆ ಗಂಡಸರು ಟಕ್ಸೀಡೊ ಅಥವಾ ಕಡುನೀಲಿ, ಕಪ್ಪು, ಗಾಢ ಬೂದು ಬಣ್ಣದ ಸೂಟು, ಟೈ, ಕಪ್ಪು ಚರ್ಮದ ಷೂ ಧರಿಸುತ್ತಾರೆ. ಹೆಂಗಸರಿಗೆ ನೆಲಮುಟ್ಟುವ ಗೌನು ಅಥವಾ ಮೊಣಕಾಲಿನ ಆಸುಪಾಸಿನ ಕಾಕ್‌ಟೇಲ್ ಉಡುಪು ಎರಡೂ ಸರಿ. ಪತ್ರಿಕೆಯಲ್ಲಿ ಸೂಚನೆ ಅಸ್ಪಷ್ಟವಾಗಿದ್ದರೆ ಮೊದಲು ಹೊತ್ತನ್ನು, ಆಮೇಲೆ ಸ್ಥಳವನ್ನು ನೋಡುವುದು ಇಂದಿಗೂ ಸರಿಯಾದ ಕ್ರಮ.

ಸ್ಥಳದ ಪ್ರಶ್ನೆ ಇನ್ನೂ ಮುಗಿದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು ಆಯೋಗ 2022ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ, ಮದುವೆಯನ್ನು ಕಟ್ಟಡಕ್ಕೆ ಕಟ್ಟಿಹಾಕುವ ನಿಯಮವನ್ನು ಬಿಟ್ಟು ತೋಟ, ಕಡಲತೀರಗಳಲ್ಲೂ ನಡೆಸಲು ಅವಕಾಶ ಕೊಡಬೇಕೆಂದು ಶಿಫಾರಸು ಮಾಡಿತು. 1886, 1934, 2012ರಲ್ಲಿ ಹೊತ್ತಿನ ಕಟ್ಟು ಸಡಿಲವಾದಂತೆ ಸ್ಥಳದ ಕಟ್ಟೂ ಸಡಿಲವಾದರೆ, ಅತಿಥಿಯ ಉಡುಪಿನ ಮುಂದಿನ ಬದಲಾವಣೆಯೂ ಅಲ್ಲಿಂದಲೇ ಆರಂಭವಾಗುತ್ತದೆಂದು ನಿರೀಕ್ಷಿಸಲು ಈ ಇತಿಹಾಸದಲ್ಲಿ ಸಾಕಷ್ಟು ಆಧಾರವಿದೆ.