ವಕೀಲರ ಕಚೇರಿಯಲ್ಲಿ ಇ-ಮೇಲ್ ಮತ್ತು ಕ್ಲೌಡ್ ಬಳಕೆ

ವಕೀಲರ ಕಚೇರಿಯಲ್ಲಿ ಇ-ಮೇಲ್ ಮತ್ತು ಕ್ಲೌಡ್ ಬಳಕೆ ಎಂದರೆ ಪಹಣಿ, ಕ್ರಯಪತ್ರ, ದಾವಾಪತ್ರ ಮೊದಲಾದವುಗಳ ಪ್ರತಿಗಳನ್ನು ಅಂತರಜಾಲದ ಸಂಗ್ರಹದಲ್ಲಿರಿಸಿ, ಕಕ್ಷಿದಾರರೊಡನೆ ಇ-ಮೇಲ್ ಮೂಲಕ ವ್ಯವಹರಿಸುವ ಕ್ರಮ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ಅದರಿಂದ ಬೇರ್ಪಟ್ಟ ನ್ಯಾಮತಿ ಹಾಗೂ ಜಗಳೂರಿನಂತಹ ತಾಲ್ಲೂಕು ಕೇಂದ್ರಗಳಲ್ಲಿ, ಒಬ್ಬ ವಕೀಲ ಮತ್ತು ಒಬ್ಬ ಗುಮಾಸ್ತರಿರುವ ಕಚೇರಿಗೂ ಇದು ಒಗ್ಗುತ್ತದೆ.

ಹಿನ್ನೆಲೆ

ಇ-ಕೋರ್ಟ್ಸ್ ಯೋಜನೆಯು 2007ರಲ್ಲಿ ಆರಂಭಗೊಂಡಿತು. ಅದರ ಮೂರನೆಯ ಹಂತಕ್ಕೆ 2023ರಲ್ಲಿ ಕೇಂದ್ರ ಸಚಿವ ಸಂಪುಟವು 7,210 ಕೋಟಿ ರೂಪಾಯಿಗಳ ಅನುಮೋದನೆ ನೀಡಿತು. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯಿದ್ದು, ಅದರಿಂದ ಮುಂದಿನ ವಿಚಾರಣೆಯ ದಿನಾಂಕವನ್ನು ಮೊಬೈಲಿನಲ್ಲೇ ತಿಳಿಯಬಹುದು.

ಬಳಕೆಯ ಕ್ರಮ

ಪ್ರತಿ ಪ್ರಕರಣಕ್ಕೊಂದು ಫೋಲ್ಡರ್ ತೆರೆದು ಅದಕ್ಕೆ ಸಿ.ಎನ್.ಆರ್. ಸಂಖ್ಯೆಯನ್ನೇ ಹೆಸರಾಗಿಟ್ಟರೆ ಹುಡುಕುವುದು ಸುಲಭ. ವಿಚಾರಣೆಯ ದಿನಾಂಕ ಮತ್ತು ಮೇಲ್ಮನವಿಯ ಕಾಲಮಿತಿಯನ್ನು ಆನ್‌ಲೈನ್ ಕ್ಯಾಲೆಂಡರಿನಲ್ಲಿ ನಮೂದಿಸಿದರೆ ಮುಂಚಿತವಾಗಿ ನೆನಪೋಲೆ ಬರುತ್ತದೆ. ಆದೇಶದ ಪ್ರತಿಯನ್ನು ನೋಡಲೆಂದೇ ಹಳ್ಳಿಯ ಕಕ್ಷಿದಾರರು ಪೇಟೆಗೆ ಬರಬೇಕಾಗುವುದಿಲ್ಲ.

ಗೋಪ್ಯತೆ ಮತ್ತು ಸಾಕ್ಷ್ಯ

ಕಕ್ಷಿದಾರರು ತಿಳಿಸಿದ ವಿಷಯವನ್ನು ಅವರ ಸಮ್ಮತಿಯಿಲ್ಲದೆ ವಕೀಲರು ಬಹಿರಂಗಪಡಿಸುವುದನ್ನು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಂ ಸಾಮಾನ್ಯವಾಗಿ ನಿಷೇಧಿಸುತ್ತದೆ. ಆದ್ದರಿಂದ ಲಿಂಕ್ ದೊರೆತ ಯಾರು ಬೇಕಾದರೂ ತೆರೆಯಬಹುದಾದ ರೀತಿಯಲ್ಲಿ ಕಡತ ಹಂಚುವುದು ಸಲ್ಲದು. ಖಾತೆಗೆ ಎರಡು ಹಂತದ ದೃಢೀಕರಣವಿರಬೇಕು. ಗುಮಾಸ್ತರು ಕೆಲಸ ಬಿಟ್ಟೊಡನೆ ಅವರ ಪ್ರವೇಶಾಧಿಕಾರವನ್ನು ರದ್ದುಪಡಿಸಬೇಕು. ಇ-ಮೇಲಿನ ಮುದ್ರಿತ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಅದೇ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಅಗತ್ಯ. ಸ್ಕ್ಯಾನ್ ಮಾಡಿದ ಬಳಿಕವೂ ಮೂಲ ಕ್ರಯಪತ್ರಗಳನ್ನು ಜೋಪಾನವಾಗಿ ಇರಿಸತಕ್ಕದ್ದು.